ಸೆಪ್ಟೆಂಬರ್ ಕೊನೆಗೆ ಫ್ರಾನ್ಸಿನ ದೋರ್ದೋನ್: ಅಪ್ಪನಿಗೆ ಅಸಲಿ ಗುಹಾಚಿತ್ರ ತೋರಿಸಬೇಕು

ಮಲಪ್ರಭಾ ದಂಡೆ:

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಬಾದಾಮಿ ಕಡೆ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಹುಡುಗರನ್ನ ಕರಕೊಂಡು ಸಿಡಿಲಫಡಿಗೆ ನಡೆದು ಹೋಗಿ, ಬಂಡೆಯ ಮೇಲಿನ ಕೆಂಪು ಚಿತ್ರಗಳನ್ನ ತೋರಿಸೋರು. 1940ರ ಸೆಪ್ಟೆಂಬರಿನಲ್ಲಿ ನಾಲ್ಕು ಹುಡುಗರು ದೋರ್ದೋನ್ ಸೀಮೆಯಲ್ಲಿ ಆದಿಮಾನವರ ಚಿತ್ರಗಳಿರೋ ಲಾಸ್ಕೋ ಗುಹೆ ಕಂಡುಹಿಡಿದ ಕಥೆ ಹೇಳುವಾಗ ಅವರ ದನಿಯೇ ಬೇರೆ ಆಗ್ತಿತ್ತು. ನಾನೂ ಆ ಕ್ಲಾಸಿನಲ್ಲಿ ಕೂತು ಕೇಳಿದವಳು. ಈಗ ಅವರಿಗೆ 71. ಮೊಣಕಾಲು ನೋವಿದೆ, ಆದರೆ ನಿಧಾನಕ್ಕೆ ನಡೀತಾರೆ.

ಬರೋ ಸೆಪ್ಟೆಂಬರ್ ಕೊನೆಗೆ ಅಪ್ಪ, ಅವ್ವ, ನಾನು, ನಮ್ಮೆಜಮಾನರು ಹತ್ತು ದಿನಕ್ಕೆ ಹೊರಡೋಣ ಅಂತಿದ್ದೀವಿ. ಈಗಿನ ಲೆಕ್ಕ: ಪ್ಯಾರಿಸ್ ಮೂರು ದಿನ, ದೋರ್ದೋನ್ ಎರಡು, ಪ್ರೊವಾನ್ಸಿನಲ್ಲಿ ಲ್ಯಾವೆಂಡರ್ ಹೊಲ ನೋಡೋಕೆ ಮೂರು, ನೀಸ್‌ನಲ್ಲಿ ಎರಡು. ಲಾಸ್ಕೋದಲ್ಲಿ ಈಗ ನಕಲು ಮಾತ್ರ ತೋರಿಸ್ತಾರಂತೆ. ಹಾಗಾದರೆ ಅಸಲಿ ಚಿತ್ರ ಎಲ್ಲಾದರೂ ನೋಡೋಕೆ ಸಿಗುತ್ತಾ? ಕಾರು ಬೇಕೇ ಬೇಕಾ? ಮನೆಯಲ್ಲಿ ಮೊಟ್ಟೇನೂ ತಿನ್ನಲ್ಲ, ಊಟದ ಗತಿ ಏನು?

ಗರೋನ್ ತೀರದವನು:

ಅಕ್ಕಾ, ನಾನು ತುಲೂಸ್‌ನಲ್ಲಿ ಇರೋದು. ದೋರ್ದೋನ್ ಇಲ್ಲಿಂದ ಕಾರಿನಲ್ಲಿ ಸುಮಾರು ಎರಡೂವರೆ ತಾಸು. ಮನಸ್ಸಿಗೆ ಬೇಸರ ಆದಾಗೆಲ್ಲ ಆ ಕಡೆ ಹೋಗ್ತೀನಿ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಮೊದಲು ಪ್ರೊವಾನ್ಸ್ ಬಿಡಿ. ಲ್ಯಾವೆಂಡರ್ ಅರಳೋದು ಜೂನ್ ಕೊನೆ, ಜುಲೈನಲ್ಲಿ. ಆಗಸ್ಟ್ ಮುಗಿಯೋ ಹೊತ್ತಿಗೆ ಕೊಯ್ಲು ಆಗಿರುತ್ತೆ. ನೀವು ಹೋಗೋವಾಗ ಕತ್ತರಿಸಿದ ಬುಡ ಬಿಟ್ಟರೆ ಏನೂ ಇರಲ್ಲ. ನೀಸ್ ಕೂಡ ಬಿಡಿ. ಆ ಐದು ದಿನಾನೂ ದೋರ್ದೋನ್‌ಗೆ ಕೊಡಿ. ಅಪ್ಪನಿಗೋಸ್ಕರ ಹೋಗ್ತಿದ್ದೀರಿ ಅಂದರೆ ಇದರಲ್ಲಿ ಎರಡನೇ ಮಾತೇ ಇಲ್ಲ.

ಅಸಲಿ ಚಿತ್ರ ಖಂಡಿತ ಸಿಗುತ್ತೆ. ಲಾಸ್ಕೋವನ್ನ 1963ರಲ್ಲಿ ಮುಚ್ಚಿದರು. ಜನರ ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್ ಸೇರಿ ಗೋಡೆ ಮೇಲೆ ಹಸಿರು ಪಾಚಿ ಹಬ್ಬಿತ್ತು. ಮುಚ್ಚಿಸಿದ್ದು ಸಂಸ್ಕೃತಿ ಮಂತ್ರಿ ಆಂದ್ರೆ ಮಾಲ್ರೋ. ಅದರ ಹಿಂದಿನ ವರ್ಷವಷ್ಟೇ ಹಳೇ ಊರುಗಳನ್ನ ಉಳಿಸೋ ಕಾನೂನು ತಂದವರೂ ಅವರೇ, ನೀವು ಉಳಿದುಕೊಳ್ಳಬೇಕಾದ ಸಾರ್ಲಾ ಪಟ್ಟಣ ಇವತ್ತು ಹೀಗೆ ನಿಂತಿರೋದು ಅದರಿಂದಲೇ. ಆದರೆ ಲಾಸ್ಕೋ ಇರೋ ಅದೇ ವೆಝೇರ್ ನದಿ ಕಣಿವೆಯ ಲೇಝೇಝಿ ಊರಲ್ಲಿ ಫೋಂ-ದ-ಗೋಮ್ ಅಂತ ಗುಹೆ ಇದೆ. ಬಣ್ಣ ತುಂಬಿದ ಅಸಲಿ ಕಾಡೆಮ್ಮೆಗಳನ್ನ ಅಲ್ಲಿ ಈಗಲೂ ಕಣ್ಣಾರೆ ನೋಡಬಹುದು. ಸಣ್ಣ ಸಣ್ಣ ಗುಂಪು, ದಿನಕ್ಕೆ ಇಷ್ಟೇ ಜನ ಅಂತ ಮಿತಿ. ಆದ್ದರಿಂದ ವಿಮಾನದ ಟಿಕೆಟ್ಟಿನ ಹಾಗೇ ಇದನ್ನೂ ಮುಂಚಿತವಾಗಿ ಕಾದಿರಿಸಿ, ಉಳಿದ ದಿನಗಳನ್ನ ಇದರ ಸುತ್ತ ಹೊಂದಿಸಿಕೊಳ್ಳಿ. ಇಂಗ್ಲಿಷ್ ಗೈಡ್ ಇರೋ ಹೊತ್ತನ್ನೇ ಕೇಳಿ ತಗೊಳ್ಳಿ.

ಒಳಗೆ ಏನಾಗುತ್ತೆ ಹೇಳ್ತೀನಿ. ಮೊದಲು ಬರೀ ಕಲ್ಲು ಕಾಣುತ್ತೆ. ಗೈಡ್ ದೀಪವನ್ನ ಓರೆಯಾಗಿ ಹಿಡಿದಾಗ ಬಂಡೆಯ ಉಬ್ಬು ಕಾಡೆಮ್ಮೆಯ ಭುಜ ಆಗುತ್ತೆ, ತಗ್ಗು ಹೊಟ್ಟೆ ಆಗುತ್ತೆ. ಬರೆದವರು ಕಲ್ಲಿನ ಆಕಾರ ನೋಡಿಯೇ ಪ್ರಾಣಿಯನ್ನ ಕೂರಿಸಿದ್ದಾರೆ. ಎರಡು ಹಿಮಸಾರಂಗ ಎದುರುಬದುರು ಇವೆ, ಗಂಡು ಬಗ್ಗಿ ಹೆಣ್ಣಿನ ಹಣೆ ನೆಕ್ತಾ ಇದೆ. ಬಹಳ ಮಸುಕಾಗಿದೆ, ಗೈಡ್ ರೇಖೆ ತೋರಿಸಿದ ಮೇಲೇ ಕಾಣೋದು. ಸಿಡಿಲಫಡಿಯಲ್ಲಿ ಹುಡುಗರಿಗೆ ಚಿತ್ರ ಬಿಡಿಸಿ ತೋರಿಸಿದ ಮೇಷ್ಟ್ರಿಗೆ ಇದು ಎಷ್ಟು ಇಷ್ಟ ಆಗುತ್ತೆ ಅಂತ ನನಗೆ ಈಗಲೇ ಗೊತ್ತು. ಗುಹೆಯ ಬಾಯಿವರೆಗೆ ಏರುದಾರಿ ಇದೆ, ಒಳಗೆ ಇಕ್ಕಟ್ಟು. ಕೋಲು ಇರಲಿ, ಅರ್ಧ ಗಂಟೆ ಮುಂಚೆ ಹೊರಡಿ.

ಮೊಣಕಾಲಿಗೆ ಹೇಳಿ ಮಾಡಿಸಿದ್ದು ರೂಫಿನ್ಯಾಕ್. ಅಲ್ಲಿ ಪುಟ್ಟ ವಿದ್ಯುತ್ ರೈಲಿನಲ್ಲಿ ಕೂರಿಸಿ ಗುಹೆಯ ಆಳಕ್ಕೆ ಕರಕೊಂಡು ಹೋಗ್ತಾರೆ. ನೂರಕ್ಕೂ ಹೆಚ್ಚು ಮ್ಯಾಮತ್‌ಗಳು (ಈಗ ಅಳಿದುಹೋದ, ಮೈತುಂಬ ಕೂದಲಿದ್ದ ಆನೆಗಳು), ಕಪ್ಪು ಗೆರೆಯಲ್ಲಿ. ನೆಲದಲ್ಲಿ ಗುಹೆ ಕರಡಿಗಳು ಚಳಿಗಾಲ ಕಳೆಯೋಕೆ ಮಾಡಿಕೊಂಡ ಗುಂಡಿಗಳು ಹಾಗೇ ಇವೆ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ಥಂಡಿ. ಸ್ವೆಟರ್ ಮರೀಬೇಡಿ.

ಲಾಸ್ಕೋ ನಕಲನ್ನ ತಾತ್ಸಾರ ಮಾಡಬೇಡಿ. ಮೊಂತಿನ್ಯಾಕ್‌ನಲ್ಲಿ 2016ರಲ್ಲಿ ತೆರೆದ ಲಾಸ್ಕೋ 4 ಬಹಳ ನಿಷ್ಠೆಯಿಂದ ಮಾಡಿದ ಕೆಲಸ. ನನ್ನ ಸಲಹೆ: ಮೊದಲು ಅದನ್ನ ನೋಡಿ, ಮರುದಿನ ಫೋಂ-ದ-ಗೋಮ್. ಹೊಸದರಂತೆ ಹೊಳೆಯೋ ಬಣ್ಣ ಕಣ್ಣಲ್ಲಿ ಇದ್ದರೆ, ಅಸಲಿಯಲ್ಲಿ ಮಾಸಿದ್ದನ್ನ ಮನಸ್ಸೇ ತುಂಬಿಕೊಳ್ಳುತ್ತೆ.

ಬೆಳಿಗ್ಗೆ ನದಿ ಕಣಿವೆಯಲ್ಲಿ ದಟ್ಟ ಮಂಜು ಇರುತ್ತೆ. ಕೋಟೆ, ದೋಮ್ ಊರಿನ ಗುಡ್ಡದ ಮೇಲಿಂದ ಕಣಿವೆ ನೋಡೋದು, ಇವನ್ನೆಲ್ಲ ಮಧ್ಯಾಹ್ನಕ್ಕೆ ಇಟ್ಟುಕೊಂಡು ಗುಹೆಗಳನ್ನ ಬೆಳಿಗ್ಗೆ ಮುಗಿಸಿ. ಲಾ ರೋಕ್ ಗಜಾಕ್‌ನಲ್ಲಿ ಹಳೇ ಮಾದರಿಯ ದೋಣಿ ಇದೆ, ಅವ್ವನನ್ನ ಅದರಲ್ಲಿ ಕೂರಿಸಿ.

ಸೇನ್ ಪಕ್ಕದ ಕಾಫಿ:

ಕಾರಿಲ್ಲದೆಯೂ ಅರ್ಧ ಆಗುತ್ತೆ. ಪ್ಯಾರಿಸ್‌ನಿಂದ ಬೋರ್ದೋಗೆ ತೇಜೇವೇ (TGV) ಅನ್ನೋ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಅಲ್ಲಿಂದ ಸ್ಥಳೀಯ ರೈಲು ಸಾರ್ಲಾದವರೆಗೂ ಹೋಗುತ್ತೆ. ಲೇಝೇಝಿಯಲ್ಲೂ ಸ್ಟೇಷನ್ ಇದೆ. ಆದರೆ ರೂಫಿನ್ಯಾಕ್, ಲಾಸ್ಕೋಗೆ ವಯಸ್ಸಾದವರ ಜತೆ ಕಾರೇ ಸರಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಆರ್‌ಟಿಓದಲ್ಲಿ ಮಾಡಿಸಿಕೊಂಡು ಬನ್ನಿ. ಆಟೋಮ್ಯಾಟಿಕ್ ಕಾರು ಬೇಕಿದ್ದರೆ ಬೇಗ ಬುಕ್ ಮಾಡಿ, ಇಲ್ಲಿ ಗೇರಿನದೇ ಜಾಸ್ತಿ. ಇಲ್ಲಿ ಬಲಗಡೆ ಓಡಿಸೋದು. ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರೋರಿಗೆ ದಾರಿ ಬಿಡಬೇಕು, ಅದು ಸಣ್ಣ ಗಲ್ಲಿ ಆಗಿದ್ದರೂ.

ವೀಸಾಗೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ಅದಕ್ಕಿಂತ ಮುಂಚೆ ಮುಗಿಸಿ. ವೀಸಾಗೆ ಬೇಕಾದ ಪ್ರಯಾಣ ವಿಮೆ 30,000 ಯೂರೋಗೆ ಕಡಿಮೆ ಇರಬಾರದು.

ಮಲಪ್ರಭಾ ದಂಡೆ:

ಇಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಲಿ! ಅಪ್ಪನಿಗೆ ಹಿಮಸಾರಂಗದ ಭಾಗ ಓದಿ ಹೇಳಿದೆ. "ಕಾದಿರಿಸು, ಉಳಿದದ್ದು ಆಮೇಲೆ" ಅಂದರು. ನೀಸ್, ಪ್ರೊವಾನ್ಸ್ ಎರಡೂ ಕೈಬಿಟ್ಟೆವು. ಊಟದ್ದು ಒಂದು ಹೇಳಿಬಿಡಿ ತಮ್ಮಾ. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತುಪ್ಪ ಕಟ್ಟೋಕೆ ಪಟ್ಟಿ ಮಾಡ್ತಿದ್ದಾರೆ.

ಗರೋನ್ ತೀರದವನು:

ರೊಟ್ಟಿ, ಹಿಂಡಿ ತನ್ನಿ. ತುಪ್ಪ ಬೇಡ, ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಯೂರೋಪಿನೊಳಗೆ ತರೋ ಹಾಗಿಲ್ಲ. ಇಲ್ಲಿ ಒಳ್ಳೇ ಬೆಣ್ಣೆ ಸಿಗುತ್ತೆ, ಅವ್ವ ಕಾಯಿಸಿಕೊಳ್ಳಲಿ.

ಹೋಟೆಲ್ ಬದಲು ಅಡುಗೆಮನೆ ಇರೋ ಬಾಡಿಗೆ ಮನೆ ಹಿಡೀರಿ. ಇದು ಬಾತುಕೋಳಿಯ ಸೀಮೆ. ಸಾರ್ಲಾ ಆಲೂಗಡ್ಡೆ ಅಂತ ಮೆನುವಿನಲ್ಲಿ ಇರುತ್ತೆ, ಬರೀ ಆಲೂ, ಬೆಳ್ಳುಳ್ಳಿ ಅಂತ ಕಾಣುತ್ತೆ, ಆದರೆ ಹುರಿಯೋದು ಬಾತಿನ ಕೊಬ್ಬಿನಲ್ಲಿ. ಕೇಳದೆ ತಗೋಬೇಡಿ. ರೊಕಾಮದೂರ್ ಮೇಕೆ ಚೀಸ್ ಬಹಳ ರುಚಿ, ಆದರೆ ಹೆಪ್ಪಿಗೆ ಕರುವಿನ ಹೊಟ್ಟೆಯ ರೆನೆಟ್ ಬಳಸ್ತಾರೆ. ಅಪ್ಪ, ಅವ್ವನಿಗೆ ಇದನ್ನ ಮೊದಲೇ ಹೇಳಿಬಿಡಿ, ತಿನ್ನೋದು ಬಿಡೋದು ಅವರೇ ತೀರ್ಮಾನ ಮಾಡಲಿ.

ಬುಧವಾರ, ಶನಿವಾರ ಸಾರ್ಲಾ ಸಂತೆ. ಶನಿವಾರದ್ದೇ ದೊಡ್ಡದು, ಊರಿನ ಬೀದಿಯೆಲ್ಲ ಅಂಗಡಿ. ಆ ಹೊತ್ತಿಗೆ ಅಂಜೂರ, ಮ್ವಾಸಾಕ್ ದ್ರಾಕ್ಷಿ, ಕುಂಬಳ, ಮಳೆ ಬಿದ್ದಿದ್ದರೆ ಕಾಡಿನ ಅಣಬೆ. ಹೊಸ ಅಕ್ರೋಟೂ ಆಗಷ್ಟೇ ಬರೋಕೆ ಶುರು. ಹಸೀದರ ತಿರುಳಿನ ಮೇಲಿನ ತೆಳು ಸಿಪ್ಪೆ ಸುಲಿದು ತಿನ್ನಿ, ಕಹಿ ಇರಲ್ಲ. ಅಕ್ರೋಟ್ ಎಣ್ಣೆಯ ಸಣ್ಣ ಬಾಟಲಿ ಕೊಂಡು ಹಿಂಡಿಗೆ ಹಾಕಿಕೊಂಡು ನೋಡಿ. ಭಾನುವಾರ ರಾತ್ರಿ, ಸೋಮವಾರ ಹಳ್ಳಿಗಳಲ್ಲಿ ಬಹಳಷ್ಟು ಅಂಗಡಿ, ಊಟದ ಜಾಗ ಮುಚ್ಚಿರುತ್ತೆ. ಶನಿವಾರವೇ ತರಕಾರಿ ತಂದಿಟ್ಟುಕೊಳ್ಳಿ.

ವಿಮಾನವನ್ನ ಪ್ಯಾರಿಸ್‌ಗೆ ಇಳಿದು ತುಲೂಸ್‌ನಿಂದ ಮರಳೋ ಹಾಗೆ ಹಿಡಿದರೆ ಬಂದ ದಾರಿಯಲ್ಲೇ ವಾಪಸ್ ಹೋಗೋದು ತಪ್ಪುತ್ತೆ. ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಊಟ. ಅನ್ನ, ಬೇಳೆಸಾರು ಮಾಡಿಡ್ತೀನಿ, ದಿನಾಂಕ ಗೊತ್ತಾದ ಮೇಲೆ ತಿಳಿಸಿ.