ಹದಿಮೂರರ ಮಕ್ಕಳ ಕಾದಂಬರಿಯಲ್ಲಿ ಕತ್ತಲೆ ಎಷ್ಟಿರಬಹುದು? ಅನುಭವ ಇದ್ದವರು ಹೇಳಿ

ಕೇಳಿದವರು (ಗಂಗಾವತಿ):

ಎಲ್ಲರಿಗೂ ನಮಸ್ಕಾರ. ಹಗಲು ನೌಕರಿ, ರಾತ್ರಿ ಬರವಣಿಗೆ ನನ್ನದು. ಹನ್ನೆರಡರಿಂದ ಹದಿನೈದು ವರ್ಷದ ಮಕ್ಕಳಿಗೆ ಅಂತ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಾಲ 1327. ದೆಹಲಿಯ ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯ ಕಂಪಿಲಿ ರಾಜ್ಯದ ಮೇಲೆ ಬಿದ್ದ ಹೊತ್ತು. ಹರಿಗೋಲು ಕಟ್ಟುವವನ ಮಗಳೊಬ್ಬಳು ತಮ್ಮನ ಕೈ ಹಿಡಿದುಕೊಂಡು ಹಿರೇಬೆಣಕಲ್ ಗುಡ್ಡಕ್ಕೆ ಓಡುತ್ತಾಳೆ.

ಆ ಗುಡ್ಡ ನಮ್ಮ ಕಡೆಯವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಲ್ಲಿ ನೂರಾರು ಕಲ್ಲಿನ ಮನೆಗಳಿವೆ. ಸುತ್ತ ನಿಲ್ಲಿಸಿದ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ದುಂಡಗಿನ ಕಿಂಡಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಸತ್ತವರಿಗಾಗಿ ಕಟ್ಟಿದ್ದು. ಊರವರ ಬಾಯಲ್ಲಿ ಮಾತ್ರ ಅವು ಮೊರೇರ ಮನೆ. ಮೊರೇರು ಅಂದರೆ ಕುಳ್ಳ ಜನ. ನನ್ನ ಕಥೆಯಲ್ಲಿ ಅವರು ಇನ್ನೂ ಒಳಗೇ ಇದ್ದಾರೆ. ಓಡಿ ಬಂದವರನ್ನು ಅಡಗಿಸಿಡುತ್ತಾರೆ, ಬಾಡಿಗೆಗೆ ಅವರ ಹೆಸರು ತಗೋತಾರೆ. ಒಳಗೆ ಹೋದವನ ಹೆಸರು ಹೊರಗಿದ್ದವರಿಗೆ ಮರೆತೇ ಹೋಗುತ್ತದೆ.

ನೂರು ಪುಟ ಆಗಿದೆ. ಎಂಟನೇ ಕ್ಲಾಸಿನಲ್ಲಿರುವ ಅಕ್ಕನ ಮಗಳಿಗೆ ಓದಲು ಕೊಟ್ಟೆ. ನಲವತ್ತನೇ ಪುಟಕ್ಕೆ ವಾಪಸ್ ಬಂತು. "ಚಿಕ್ಕಮ್ಮ, ಇದು ಸಮಾಜ ವಿಜ್ಞಾನ ಇದ್ದಂಗೈತಿ" ಅಂದಳು. ಅಕ್ಕ ಅದೇ ನಲವತ್ತು ಪುಟ ಓದಿ, "ಇಷ್ಟೊಂದು ಹೆಣ ಯಾಕೆ, ಹುಡುಗರು ಹೆದರಲ್ವಾ?" ಅಂದಳು. ಮಗಳಿಗೆ ಸಪ್ಪೆ, ತಾಯಿಗೆ ಖಾರ. ನಾನು ಯಾರ ಮಾತು ಕೇಳಲಿ? ಹೆಸರು ಮರೆಯುವುದು ಬರುವುದೇ ಎಂಬತ್ತನೇ ಪುಟಕ್ಕೆ. ಇನ್ನೊಂದು, ಕಂಪಿಲಿಯ ರಾಜಕುಮಾರ ಕುಮಾರರಾಮನನ್ನು ಪಾತ್ರವಾಗಿ ತರಬಹುದಾ?

ಲಿಂಗಸುಗೂರು ತಾಲ್ಲೂಕಿನಿಂದ, ಹೈಸ್ಕೂಲ್ ಮಾಸ್ತರ್:

ಮೇಡಂ, ಇಬ್ಬರೂ ಹೇಳಿದ್ದು ಒಂದೇ ಮಾತು. ನನ್ನ ಕಥೆ ಕೇಳಿ.

ನಾಲ್ಕು ವರ್ಷದ ಹಿಂದೆ ನಾನೂ ಇದಕ್ಕೇ ಕೈ ಹಾಕಿದ್ದೆ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆ. ಹಳೆಯ ಇತಿಹಾಸಕಾರ ಫೆರಿಶ್ತಾ ಬರೆದಿಟ್ಟಿದ್ದಾನೆ. ವಿಜಯನಗರದ ಒಂದನೇ ದೇವರಾಯ ಅವಳನ್ನು ಬಯಸಿದ. ಅವಳು ಒಲ್ಲೆ ಅಂದಳು. ಆತ ದಂಡು ಕಳಿಸಿದ. ಅಷ್ಟರಲ್ಲಿ ಮನೆಯವರು ಊರು ಬಿಟ್ಟಿದ್ದರು. ದಂಡಿನವರು ಸಿಟ್ಟಿಗೆ ಸುತ್ತಲ ಸೀಮೆ ಲೂಟಿ ಮಾಡಿದರು. ಅದನ್ನೇ ಹಿಡಿದು 1406ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾ ಯುದ್ಧಕ್ಕೆ ಬಂದ. ಕೊನೆಗೆ ಹುಡುಗಿಯ ಮದುವೆ ಸುಲ್ತಾನನ ಮಗನ ಜತೆ ಆಯಿತು. ಒಂದು ಹುಡುಗಿ ಒಲ್ಲೆ ಅಂದದ್ದಕ್ಕೆ ಎರಡು ರಾಜ್ಯ ಹೊಡೆದಾಡಿದವು ಅಂದರೆ ಯಾವ ಮಕ್ಕಳು ಕಿವಿ ನಿಮಿರಿಸಲ್ಲ, ಅಲ್ವಾ? ಹಾಗಂದುಕೊಂಡೆ.

ಮೊದಲ ಅಧ್ಯಾಯದಲ್ಲೇ ಯುದ್ಧ ಇಟ್ಟೆ. ಆನೆ, ಕುದುರೆ, ಹರಿದ ಹೊಟ್ಟೆ, ಎಲ್ಲಾ. ಶನಿವಾರ ಕೊನೆ ಪಿರಿಯಡ್ಡಿನಲ್ಲಿ ಒಂಬತ್ತನೇ ಕ್ಲಾಸಿಗೆ ಓದಿ ಹೇಳಿದೆ. ಹಿಂದಿನ ಬೆಂಚಿನವನೊಬ್ಬ ಕೇಳಿದ, "ಸರ್, ಒಟ್ಟು ಎಷ್ಟು ಮಂದಿ ಸತ್ರು?" ಹೇಳಿದೆ. "ಆನೆ ಎಷ್ಟ್ರಿ?" ಅದನ್ನೂ ಹೇಳಿದೆ. ಕ್ರಿಕೆಟ್ ಸ್ಕೋರ್ ಕೇಳಿದಂಗೆ ಕೇಳಿ ಸುಮ್ಮನಾದರು. ಇನ್ನೊಬ್ಬ ಆಕಳಿಸಿದ.

ಮೂರನೇ ಅಧ್ಯಾಯದಲ್ಲಿ ಒಂದು ಸಣ್ಣ ವಿಷಯ ಸುಮ್ನೆ ಬರೆದಿದ್ದೆ. ಅಕ್ಕಸಾಲಿಗನ ಮನೆಯವರು ರಾತ್ರೋರಾತ್ರಿ ಹೋದ ಮೇಲೆ ಪಕ್ಕದ ಮನೆ ಹುಡುಗ ಬಾಗಿಲು ನೂಕಿ ನೋಡುತ್ತಾನೆ. ಅಗ್ಗಿಷ್ಟಿಕೆಯ ಬೂದಿ ಇನ್ನೂ ಬೆಚ್ಚಗಿದೆ. ಊದುಕೊಳವೆ ನೆಲದ ಮೇಲೆ ಬಿದ್ದಿದೆ. ಸಣ್ಣ ತಕ್ಕಡಿಯ ಒಂದು ತಟ್ಟೆಯಲ್ಲಿ ಆರು ಗುಲಗಂಜಿ ಇವೆ, ಇನ್ನೊಂದು ತಟ್ಟೆ ಖಾಲಿ. ಅಷ್ಟೇ. ಅದನ್ನು ಓದುವಾಗ ಆಕಳಿಸುವವನೂ ಬಾಯಿ ಮುಚ್ಚಿದ್ದ. ಸೋಮವಾರ ಒಬ್ಬ ಹುಡುಗಿ ಕಂಪಾಸ್ ಬಾಕ್ಸಿನಲ್ಲಿ ಆರು ಗುಲಗಂಜಿ ಎಣಿಸಿಕೊಂಡು ತಂದಿದ್ದಳು. "ಸರ್, ಆ ಕಡೆ ತಟ್ಟೆಯೊಳಗ ಯಾರ ಬಂಗಾರ ಇತ್ತು?" (ಅವು ವಿಷದ ಬೀಜ, ಬಾಯಿಗೆ ಹಾಕಬ್ಯಾಡ್ರಿ ಅಂತ ಇಡೀ ಕ್ಲಾಸಿಗೆ ಹೇಳಬೇಕಾಯಿತು, ಅದು ಬೇರೆ ಮಾತು.)

ಅದಾದ ಮೇಲೆ ಮೊದಲ ಅಧ್ಯಾಯ ಹರಿದು ಹಾಕಿದೆ. ಹೆಣದ ರಾಶಿ ಮಕ್ಕಳಿಗೆ ಲೆಕ್ಕ. ಮನೆಯಲ್ಲಿ ಇರಬೇಕಾದ ಒಂದು ವಸ್ತು ಇಲ್ಲ ಅಂದರೆ ಅದು ಭಯ. ನಿಮ್ಮ ಕೈಯಲ್ಲಿ ಅಂಥದ್ದು ಇದೆ, ಅದನ್ನು ಎಂಬತ್ತನೇ ಪುಟದಲ್ಲಿ ಹೂತಿಟ್ಟಿದ್ದೀರಿ. ಐದನೇ ಪುಟಕ್ಕೆ ತನ್ನಿ. ರೊಟ್ಟಿ ಬಡಿಯುತ್ತಾ ತಾಯಿ ಊಟಕ್ಕೆ ಕರೆಯಲು ಬಾಯಿ ತೆಗೆಯುತ್ತಾಳೆ, ಮಗನ ಹೆಸರೇ ಬರುವುದಿಲ್ಲ. ಹಂಚಿನ ಮೇಲೆ ರೊಟ್ಟಿ ಸೀಯುತ್ತದೆ. ಒಂದು ಹನಿ ರಕ್ತವೂ ಬೇಕಿಲ್ಲ.

ರಾಯಚೂರಿನಿಂದ, ಒಬ್ಬ ತಾಯಿ:

ನಾನು ಬರೆಯುವವಳಲ್ಲ, ನನ್ನ ಮಗ ಓದುವವನು. ಹನ್ನೆರಡು ವರ್ಷ. ರಾಜರ ತಲೆ ಹಾರುವುದನ್ನೆಲ್ಲ ಮೊಸರನ್ನ ತಿನ್ನುತ್ತಾ ಓದುತ್ತಾನೆ. ಒಂದ್ಸಲ ನಮ್ಮೂರ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. 1294ರಲ್ಲಿ ಕಾಕತೀಯರ ಕಾಲಕ್ಕೆ ಗೋರೆ ಗನ್ನಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಅಂತ ಶಾಸನ ಇದೆ. ಆ ಕಲ್ಲನ್ನು ಹೇಗೆ ತಂದರು ಅನ್ನುವ ಚಿತ್ರವನ್ನೂ ಕೊರೆದಿದ್ದಾರೆ. ಉದ್ದನೆ ಬಂಡಿ, ಸಾಲಾಗಿ ಕೋಣಗಳು, ಹಿಂದಿನಿಂದ ಸನ್ನೆಕೋಲು ಹಾಕಿ ಗಾಲಿ ನೂಕುವ ಜನ. ಮಗ ಅಲ್ಲೇ ನಿಂತುಬಿಟ್ಟ. ರಾತ್ರಿ ಮಲಗಿದ ಮೇಲೆ ಕೇಳಿದ, "ಅಮ್ಮಾ, ದಾರಿಯಾಗ ಒಂದು ಕೋಣ ಬಿದ್ದಿದ್ರ ಏನ್ ಮಾಡ್ತಿದ್ರು?" ಮರುದಿನವೂ ಅದೇ ಪ್ರಶ್ನೆ.

ನಿಮ್ಮ ಕಥೆಯಲ್ಲಿ ನಾಯಿ, ಆಡು, ಎತ್ತು ಏನಾದರೂ ಇದ್ದರೆ ಅದರ ಗತಿ ಏನಾಯಿತು ಅಂತ ದಯವಿಟ್ಟು ಹೇಳಿ. ಸತ್ತರೆ ಸತ್ತಿತು ಅನ್ನಿ, ಆದರೆ ಅರ್ಧಕ್ಕೆ ಬಿಡಬೇಡಿ. ರಾತ್ರಿ ಉತ್ತರ ಕೊಡಬೇಕಾದವರು ನಾವು.

ಆನೆಗೊಂದಿ ಕಡೆಯಿಂದ, ಇತಿಹಾಸದ ಹುಚ್ಚಿರುವವನು:

ಮೊದಲು ಕಾಲದ ತಪ್ಪುಗಳು. ನಿಮ್ಮ ಹುಡುಗಿ ಬಳ್ಳಾರಿ ಜಾಲಿ ಪೊದೆಯಲ್ಲಿ ಅಡಗುತ್ತಾಳಾ? ಹಾಗಿದ್ದರೆ ತೆಗೆಯಿರಿ. ಹೆಸರಲ್ಲಿ ಬಳ್ಳಾರಿ ಇದ್ದರೂ ಅದು ಅಮೆರಿಕದ ಗಿಡ, ಬ್ರಿಟಿಷರ ಕಾಲದಲ್ಲಿ ಬಂದದ್ದು. ಪಾಪಾಸುಕಳ್ಳಿಯೂ ಅಷ್ಟೆ. ಕರಿಜಾಲಿ, ಬನ್ನಿ, ಕಾರೆಮುಳ್ಳು ಹಾಕಿ. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಯಾವುದೂ 1327ರಲ್ಲಿ ಇಲ್ಲ, ಎಲ್ಲ ಪೋರ್ಚುಗೀಸರು ಬಂದ ಮೇಲಿನವು. ಬುತ್ತಿಗೆ ಜೋಳದ ರೊಟ್ಟಿ ಕಟ್ಟಿಕೊಡಬಹುದು, ಶೇಂಗಾ ಚಟ್ನಿ ಕೊಡುವ ಹಾಗಿಲ್ಲ. ಖಾರ ಬೇಕಂದರೆ ಕಾಳುಮೆಣಸು. ನಮ್ಮ ಕಡೆ ಮಿರ್ಚಿ ಇಲ್ಲದ ಸಂಜೆ ನೆನೆಸಿಕೊಳ್ಳುವುದೇ ಒಂದು ಭಯಾನಕ ಕಥೆ ಬಿಡಿ. ಕೋಟೆ ಮೇಲೆ ಫಿರಂಗಿಯೂ ಬೇಡ. ಕೃಷ್ಣದೇವರಾಯ 1520ರಲ್ಲಿ ರಾಯಚೂರಿಗೆ ಮುತ್ತಿಗೆ ಹಾಕಿದ ಕಥೆಯಾಗಿದ್ದರೆ ಫಿರಂಗಿ, ಕೋವಿ ಎರಡೂ ನಡೆಯುತ್ತಿತ್ತು. ಗಂಗಾವತಿ ಸುತ್ತ ಈಗ ಕಾಣುವಷ್ಟು ಭತ್ತದ ಗದ್ದೆಯೂ ಬೇಡ. ಅದರಲ್ಲಿ ಬಹುಪಾಲು 1953ರ ತುಂಗಭದ್ರಾ ಡ್ಯಾಮಿನ ನೀರು.

ಹಿರೇಬೆಣಕಲ್ಲಿನ ನಗಾರಿ ಕಲ್ಲನ್ನು ಬಿಡಬೇಡಿ. ಎತ್ತರದ ಬಂಡೆ ಮೇಲೆ ಕೂತ ಅರ್ಧಗೋಲದಂಥ ಗುಂಡು, ಬಡಿದರೆ ಒಂದು ಕಿಲೋಮೀಟರ್ ದೂರಕ್ಕೆ ಕೇಳುತ್ತದೆ. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲೂ ಬಡಿದರೆ ಗಂಟೆಯಂತೆ ಮೊಳಗುವ ಕರಿ ಬಂಡೆಗಳಿವೆ. ಬಡಿದು ಬಡಿದು ಗುಳಿ ಬಿದ್ದಿವೆ. ಮೊರೇರು ಬಾಯಿಂದ ಮಾತಾಡಬೇಕು ಅಂತ ಏನಿದೆ?

ಇನ್ನು ಕುಮಾರರಾಮ. ನಮ್ಮ ಸೀಮೆಯಲ್ಲಿ ಆತ ಬರೀ ಪಾತ್ರ ಅಲ್ಲ, ಕೈಮುಗಿಯುವ ದೈವ. ಕಥೆಯ ನಡುವೆ ನಿಲ್ಲಿಸಿ ಅವನ ಬಾಯಲ್ಲಿ ಏನೇನೋ ಮಾತಾಡಿಸಿದರೆ ನಿಮಗೂ ಕಷ್ಟ, ಓದುವವರಿಗೂ ಮುಜುಗರ. ದೂರದಿಂದ ಕಾಣಲಿ, ಕುದುರೆ ಸದ್ದು ಕೇಳಲಿ, ಸಾಕು. ಆದರೆ ಅವನ ಕಥೆಯಲ್ಲೇ ನಿಮಗೆ ಬೇಕಾದ್ದು ಒಂದು ಇದೆ. ಮಲತಾಯಿ ರತ್ನಾಜಿ ಚಾಡಿ ಹೇಳುತ್ತಾಳೆ, ಕಂಪಿಲರಾಯ ಮಗನ ತಲೆ ತೆಗೆಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ಕುಮಾರರಾಮನನ್ನು ಗುಟ್ಟಾಗಿ ಅಡಗಿಸಿಟ್ಟು, ಅವನನ್ನೇ ಹೋಲುವ ಇನ್ನೊಬ್ಬನ ತಲೆ ತೋರಿಸುತ್ತಾನೆ. ಚಿಕ್ಕವನಿದ್ದಾಗ ಈ ಕಥೆ ಕೇಳಿದ ರಾತ್ರಿಯೇ ಅಜ್ಜನಿಗೆ ಕೇಳಿದ್ದೆ, ಆ ಇನ್ನೊಬ್ಬ ಯಾರು? ಅವನ ಮನೆಯಲ್ಲಿ ಯಾರಿದ್ದರು? ಅಜ್ಜ, "ಮಲ್ಕೋ" ಅಂದ. ಹೆಸರು ಕಳೆದುಕೊಳ್ಳುವವರ ಬಗ್ಗೆ ಬರೆಯುತ್ತಿದ್ದೀರಿ. ಆ ಇನ್ನೊಬ್ಬ ನಿಮ್ಮ ಹುಡುಗಿಯ ಅಣ್ಣ ಯಾಕಾಗಬಾರದು?

ಬಳ್ಳಾರಿ ಕಡೆಯಿಂದ, ತೊಗಲುಗೊಂಬೆ ಆಡಿಸುವ ಮನೆತನದವನು:

ನಮ್ಮಜ್ಜ ರಾಮಾಯಣ ಆಡಿಸುವಾಗ ರಾಕ್ಷಸ ಸಾಯುವುದನ್ನು ಪರದೆ ಮೇಲೆ ಪೂರ್ತಿ ತೋರಿಸುತ್ತಿರಲಿಲ್ಲ. ಗೊಂಬೆಯನ್ನು ಪರದೆಯಿಂದ ಹಿಂದಕ್ಕೆ, ದೀಪದ ಹತ್ತಿರಕ್ಕೆ ಎಳೆಯುತ್ತಿದ್ದ. ಆಗ ನೆರಳು ದೊಡ್ಡದಾಗುತ್ತದೆ, ಅಂಚು ಮಸುಕಾಗುತ್ತದೆ, ಆಮೇಲೆ ಪರದೆ ತುಂಬ ಬರೀ ಕಪ್ಪು. ಮುಂದೆ ಕೂತ ಮಕ್ಕಳು ಅವ್ವಂದಿರ ಸೆರಗಿನೊಳಗೆ ಹೋಗುತ್ತಿದ್ದರು. ಮರುಗಳಿಗೆಗೆ ಕಿಳ್ಳೇಕ್ಯಾತನ ಗೊಂಬೆ ಕುಣಿದುಕೊಂಡು ಬರಬೇಕು, ಏನಾದರೊಂದು ಹಲ್ಕಟ್ ಮಾತು ಆಡಬೇಕು. ತಡವಾದರೆ ಮಕ್ಕಳು ಅಳಲು ಶುರು ಮಾಡುತ್ತವೆ, ಬೇಗ ಬಂದರೆ ಹೆದರಿಕೆ ಕೆಟ್ಟು ಹೋಗುತ್ತದೆ. ಆ ಅಳತೆ ನನಗೆ ಬರಲು ಹತ್ತು ವರ್ಷ ಹಿಡಿಯಿತು. ನಿಮ್ಮ ಕಥೆಯಲ್ಲಿ ನಗಿಸುವವರು ಯಾರು? ನೀವು ಬರೆದದ್ದರಲ್ಲಿ ಯಾರೂ ಕಾಣಲಿಲ್ಲ.

ಕೊಪ್ಪಳದಿಂದ, ಕಾಲೇಜ್ ಹುಡುಗ:

ನನಗೆ ಮಾಸ್ತರ್ ಹೇಳಿದ್ದು ಅರ್ಧ ಒಪ್ಪಿಗೆ. ಹದಿಮೂರರಲ್ಲಿ ನನಗೆ ಬೇಕಿದ್ದದ್ದು ನಿಜ. ಸುಲ್ತಾನನ ವಿರುದ್ಧ ಬಂಡೆದ್ದು ಕಂಪಿಲಿಗೆ ಓಡಿ ಬಂದ ಬಹಾವುದ್ದೀನ್ ಗತಿ ಏನಾಯಿತು ಅಂತ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಚರ್ಮ ಸುಲಿದರು, ಮಾಂಸವನ್ನು ಅನ್ನದ ಜತೆ ಬೇಯಿಸಿ ಹೆಂಡತಿ ಮಕ್ಕಳಿಗೇ ಕಳಿಸಿದರು. ಕಂಪಿಲಿಯ ಹೆಂಗಸರು ಬೆಂಕಿಗೆ ಹಾರಿದ್ದನ್ನೂ ಬರೆದಿದ್ದಾನೆ. ಇದನ್ನೆಲ್ಲ ಮುಚ್ಚಿಟ್ಟು ಬರೀ ಸೀದ ರೊಟ್ಟಿ ತೋರಿಸಿದರೆ ಅದು ಮೋಸ ಅಲ್ವಾ? ದೊಡ್ಡವರು ತಾವು ಹೆದರಿ ಮಕ್ಕಳ ಹೆಸರು ಹೇಳುತ್ತಾರೆ.

ಲಿಂಗಸುಗೂರಿನ ಮಾಸ್ತರ್, ಮತ್ತೆ:

ತಮ್ಮಾ, ಮುಚ್ಚಿಡು ಅಂತ ನಾನು ಹೇಳಿಲ್ಲ. ಇಬ್ನ್ ಬತೂತ ಭಾರತಕ್ಕೆ ಬಂದದ್ದೇ 1333ರಲ್ಲಿ, ಕೇಳಿದ್ದನ್ನು ಬರೆದ. ನೀನೂ ಹಾಗೇ ಮಾಡು ಅಂತೀನಿ. ಓಡಿ ಬಂದ ಯಾರೋ ಒಬ್ಬ ರಾತ್ರಿ ಬೆಂಕಿ ಮುಂದೆ ಕೂತು ಹೇಳಲಿ. ಅರ್ಧ ಹೇಳಿ ಮಕ್ಕಳನ್ನು ನೋಡಿ ನಿಲ್ಲಿಸಲಿ. ಉಳಿದದ್ದು ನಿನ್ನಂಥವನಿಗೆ ತಾನಾಗಿ ತಿಳಿಯುತ್ತದೆ, ತಿಳಿಯದವನು ನಿದ್ದೆ ಮಾಡುತ್ತಾನೆ. ಅನ್ನದ ಮಾತು ಮಾತ್ರ ನಾನಾದರೆ ಬರೆಯುವುದಿಲ್ಲ. ನಮ್ಮ ಶಾಲೆಯಲ್ಲಿ ಕಥೆ ಓದಿದ ಮೇಲೆ ಬಿಸಿಯೂಟ ಇರುತ್ತದೆ.

ಕೇಳಿದವರು (ಗಂಗಾವತಿ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಮೊದಲ ನಲವತ್ತು ಪುಟ ತೆಗೆದೆ. ಹೊಟ್ಟೆ ಉರಿಯಿತು, ಆದರೂ ತೆಗೆದೆ. ಬಳ್ಳಾರಿ ಜಾಲಿ ಏಳು ಕಡೆ ಇತ್ತು! ಈಗ ಕಥೆ ಶುರುವಾಗುವುದು ಕಂಪಿಲಿಯ ಹೊಳೆದಂಡೆಯ ಮನೆಯಲ್ಲಿ. ತಾಯಿ ನಾಲ್ಕು ತಟ್ಟೆ ಇಡುತ್ತಾಳೆ. ಉಣ್ಣುವವರು ಮೂವರು. ನಾಲ್ಕನೆಯದು ಯಾರಿಗೆ ಅಂತ ಅವಳಿಗೇ ಗೊತ್ತಿಲ್ಲ, ಕೈ ತಾನಾಗಿ ಇಟ್ಟಿದೆ. ಅಣ್ಣನ ಹೆಸರು ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ನಗಿಸಲು ಒಬ್ಬ ಮೊರೇರ ಮುದುಕ ಸಿಕ್ಕಿದ್ದಾನೆ. ಬೇರೆಯವರ ಹೆಸರು ಕದ್ದು ಕದ್ದು ತನ್ನ ಹೆಸರು ಯಾವುದು ಅಂತ ಗೊಂದಲ ಅವನಿಗೆ, ದಿನಕ್ಕೊಂದು ಹೇಳುತ್ತಾನೆ. ಆಡು ಬದುಕುತ್ತದೆ, ರಾಯಚೂರಿನ ಅಕ್ಕಾ, ಮಗನಿಗೆ ಈಗಲೇ ಹೇಳಿಬಿಡಿ. ಕೊಪ್ಪಳದ ತಮ್ಮನಿಗೆ: ಬೆಂಕಿಯ ಪ್ರಸಂಗ ಇಟ್ಟಿದ್ದೇನೆ, ಕೋಟೆ ಕಡೆಯಿಂದ ಹೊಗೆ ಬರುತ್ತದೆ, ಹೊಗೆಯಲ್ಲಿ ಮಲ್ಲಿಗೆ ಎಣ್ಣೆಯ ವಾಸನೆ. ಅದನ್ನು ಬರೆದ ರಾತ್ರಿ ನನಗೇ ನಿದ್ದೆ ಬರಲಿಲ್ಲ.

ಅಕ್ಕನ ಮಗಳು ಹೊಸ ಮೂವತ್ತು ಪುಟ ಓದಿದಳು. ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ತಟ್ಟೆ ಇಡುವಾಗ ಮಾತ್ರ ಎರಡೆರಡು ಸಲ ಎಣಿಸಿದಳು.

ಈಗ ಹೊಸ ತೊಡಕು. ಹುಡುಗಿಯ ಅಪ್ಪ ಹರಿಗೋಲು ಕಟ್ಟುವವನು ಅಂದೆನಲ್ಲ. ಈಗಿನವರು ಬಿದಿರಿನ ಬುಟ್ಟಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ವಿಜಯನಗರದ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪೇಸ್ ಆನೆಗೊಂದಿ ಹತ್ತಿರ ನೋಡಿದ್ದು ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಿತ್ತಂತೆ. ಚರ್ಮ ಸರಿ. ಹೊಲಿಗೆ ಸಂದಿಯಲ್ಲಿ ನೀರು ಜಿನುಗದ ಹಾಗೆ ಏನು ಮೆತ್ತುತ್ತಿದ್ದರು? ಹೊಳೆದಂಡೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಕೇಳಿ ಹೇಳ್ತೀರಾ? ಹನ್ನೆರಡನೇ ಪುಟದಲ್ಲಿ ಹರಿಗೋಲು ಸೋರಬೇಕು.