ಹಳೆಯ ಕಾಲದ ಬೆಚ್ಚಗಿನ ಮನೆ ಬೇಕು, ಎಲ್ಲಿಂದ ಶುರು ಮಾಡಲಿ?

ಕೇಳಿದವರು

ಹೊಸ ಮನೆಗೆ ಬಂದು ಎಂಟು ತಿಂಗಳಾಯಿತು. ಗೋಡೆ ಬಿಳಿ, ನೆಲಕ್ಕೆ ಬೂದು ಟೈಲ್ಸ್, ಚಾವಣಿಯಲ್ಲಿ ಬಿಳಿ ಎಲ್‌ಇಡಿ. ಚೊಕ್ಕಟವಾಗಿಯೇ ಇದೆ. ಆದರೆ ಸಂಜೆ ಕೂತರೆ ಡಾಕ್ಟರಿಗೆ ಕಾಯುತ್ತಿರುವ ಹಾಗೆ ಅನ್ನಿಸುತ್ತದೆ. ಫೋನಿನಲ್ಲಿ ಇನ್ನೂರಕ್ಕೂ ಜಾಸ್ತಿ ಫೋಟೋ ಸೇರಿಸಿಟ್ಟಿದ್ದೇನೆ. ಎಲ್ಲದರಲ್ಲೂ ಮರ, ಪುಸ್ತಕ, ದೊಡ್ಡ ಕುರ್ಚಿ. ಈ ಶೈಲಿಗೆ ಏನು ಹೆಸರು ಅಂತಲೂ ಗೊತ್ತಿಲ್ಲ. ಅದೇ ಹುಮ್ಮಸ್ಸಿನಲ್ಲಿ ಹೋದ ತಿಂಗಳು ಕೆತ್ತನೆಯ ದೊಡ್ಡ ಸೋಫಾ ತಂದೆ. ಈಗ ಅದೊಂದೇ ನಾಟಕದ ಸೆಟ್ಟಿನಿಂದ ತಪ್ಪಿಸಿಕೊಂಡು ಬಂದ ಹಾಗೆ ನಿಂತಿದೆ. ನಮ್ಮವರು "ಮ್ಯೂಸಿಯಂ ಟಿಕೆಟ್ ಎಷ್ಟು?" ಅಂತ ಕೇಳುತ್ತಾರೆ. ಒಂದೇ ಸಲ ಎಲ್ಲ ಬದಲಾಯಿಸುವಷ್ಟು ದುಡ್ಡಿಲ್ಲ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಎರಡು ಮನೆ ಕೆಡಿಸಿ ಮೂರನೆಯದರಲ್ಲಿ ಕಲಿತವಳು

ಮೊದಲು ಆ ಇನ್ನೂರು ಫೋಟೋ ಕಡಿಮೆ ಮಾಡಿ. ಹತ್ತು ಹನ್ನೆರಡು ಉಳಿಯುವವರೆಗೆ ಅಳಿಸುತ್ತಾ ಹೋಗಿ. "ಚೆನ್ನಾಗಿದೆ" ಅನ್ನಿಸುವುದೆಲ್ಲ ಬೇಡ, "ಇಲ್ಲಿ ನಾನು ಕೂರಬೇಕು" ಅನ್ನಿಸಿದ್ದು ಮಾತ್ರ ಇರಲಿ. ಆಮೇಲೆ ಒಂದೊಂದರಲ್ಲೂ ಏನೇನಿದೆ ಅಂತ ಹಾಳೆಯಲ್ಲಿ ಬರೆಯಿರಿ. ಬೆಳಕು ಎಲ್ಲಿಂದ ಬರುತ್ತಿದೆ, ಗೋಡೆ ಯಾವ ಬಣ್ಣ, ನೆಲದ ಮೇಲೆ ಏನಿದೆ, ಮರ ಕಪ್ಪಗಿದೆಯೋ ಕೆಂಪಗಿದೆಯೋ.

ನಾನು ಇದನ್ನು ಮಾಡಿದಾಗ ನನಗೇ ನಗು ಬಂತು. ಕೆತ್ತನೆ ಕೆಲಸ ನನ್ನ ಪ್ರಾಣ ಅಂದುಕೊಂಡಿದ್ದೆ. ಉಳಿದ ಹತ್ತು ಫೋಟೋದಲ್ಲಿ ಕೆತ್ತನೆ ಇದ್ದದ್ದು ಒಂದರಲ್ಲಿ. ಟೇಬಲ್ ಲ್ಯಾಂಪ್ ಇದ್ದದ್ದು ಒಂಬತ್ತರಲ್ಲಿ! ಎರಡು ಮನೆಗೆ ಸುರಿದ ದುಡ್ಡು ನೆನೆದು ಆಮೇಲೆ ಅಳುವೂ ಬಂತು ಅನ್ನಿ.

ಹೆಸರಿನ ವಿಷಯ. ಇಂಟೀರಿಯರ್ ಮಾಡುವವರು "ಟ್ರೆಡಿಷನಲ್" ಅಥವಾ "ಕ್ಲಾಸಿಕ್" ಅನ್ನುವುದು ಹೆಚ್ಚಾಗಿ 18 ಮತ್ತು 19ನೇ ಶತಮಾನದ ಯುರೋಪಿನ ಮನೆಗಳಿಂದ ಇಳಿದು ಬಂದದ್ದನ್ನು. ಗುರುತು ಹಿಡಿಯುವುದು ಕಷ್ಟವಲ್ಲ. ಒಂದು, ಜೋಡಿ: ಕಿಟಕಿಯ ಎರಡೂ ಕಡೆ ಒಂದೇ ತರಹದ ಕುರ್ಚಿ, ಸೋಫಾದ ಎರಡೂ ತುದಿಗೆ ಒಂದೇ ತರಹದ ಲ್ಯಾಂಪ್. ಇನ್ನೊಂದು, ಕುರ್ಚಿ ಮೇಜಿನ ಕಾಲು. ಮಂಡಿಯ ಹತ್ತಿರ ಹೊರಗೆ ಬಾಗಿ, ಕೆಳಗೆ ಒಳಕ್ಕೆ ಸರಿಯುವ ಕಾಲಿಗೆ ಕ್ಯಾಬ್ರಿಯೋಲ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ 18ನೇ ಶತಮಾನದ ಶುರುವಿಗೆ ಬಂದ ಕ್ವೀನ್ ಆನ್ ಶೈಲಿಯ ಕುರ್ಚಿಗಳಲ್ಲಿ ಅದೇ ಮುಖ್ಯ ಗುರುತು. ತಲೆಯ ಪಕ್ಕ ಎರಡು ರೆಕ್ಕೆ ಇರುವ ಕುರ್ಚಿ ಕಂಡಿದ್ದೀರಲ್ಲ, ಆ ರೆಕ್ಕೆ ಚಂದಕ್ಕೆ ಬಂದದ್ದಲ್ಲ. ಒಲೆಯ ಮುಂದೆ ಕೂತವರಿಗೆ ಹಿಂದಿನಿಂದ ಚಳಿಗಾಳಿ ಬಡಿಯದಿರಲಿ, ಕಾವು ಒಳಗೇ ನಿಲ್ಲಲಿ ಅಂತ ಮಾಡಿದ್ದು. ಬೆಚ್ಚಗಿರುವುದೇ ಅದರ ಕೆಲಸವಾಗಿತ್ತು!

ಅದೇ ಆಕಾರಗಳನ್ನು ಇಟ್ಟುಕೊಂಡು, ಕೆತ್ತನೆ ಕುಚ್ಚು ಎಲ್ಲ ಕಡಿಮೆ ಮಾಡಿ, ಸರಳ ಬಟ್ಟೆ ಹಾಕಿದರೆ ಅದು "ಟ್ರಾನ್ಸಿಷನಲ್". ನಿಮ್ಮ ಬಿಳಿ ಗೋಡೆಯ ಮನೆಗೆ ಇದೇ ಹೊಂದುತ್ತದೆ ಅಂತ ನನ್ನ ಅಂದಾಜು. ಆದರೆ ಹೆಸರು ಹಿಡಿದುಕೊಂಡು ಅಂಗಡಿಗೆ ಹೋಗಬೇಡಿ. ಆ ಹೆಸರಿನ ಪೂರ್ತಿ ಸೆಟ್ ತೋರಿಸುತ್ತಾರೆ. ಒಂದೇ ದಿನ ಬಂದ ಸೆಟ್ ಶೋರೂಮಿನ ಹಾಗೇ ಕಾಣುತ್ತದೆ. ನನ್ನ ಮೊದಲ ಮನೆ ಹಾಗೇ ಇತ್ತು.

ಬಲ್ಬು ಬದಲಿಸಿದವನು

ಮೇಡಂ, ಸೋಫಾ ಹಾಗೇ ಇರಲಿ. ಇವತ್ತೇ ಬಲ್ಬಿನ ಡಬ್ಬ ನೋಡಿ. ಅದರ ಮೇಲೆ 6500 ಕೆಲ್ವಿನ್ ಅಂತ ಇದ್ದರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಇದೆ. ಅದು ಹಗಲಿನ ನೀಲಿ ಛಾಯೆಯ ಬೆಳಕು. ನಾವು ಚಿಕ್ಕಂದಿನಲ್ಲಿ ಕಂಡ ತಂತಿ ಬಲ್ಬು ಸುಮಾರು 2700. ಮೇಣದಬತ್ತಿ 2000ದ ಆಸುಪಾಸು. ಸಂಖ್ಯೆ ಇಳಿದಷ್ಟೂ ಬೆಳಕು ಹಳದಿ. ನೀವು ಆಸೆಪಟ್ಟ ಫೋಟೋಗಳೆಲ್ಲ 2700ರ ಬೆಳಕಿನವು ಅನ್ನಿ.

ಡಬ್ಬದ ಮೇಲೆ ಸಿಆರ್‌ಐ ಅಂತಲೂ ಇರುತ್ತದೆ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದರ ಅಳತೆ ಅದು, 100ಕ್ಕೆ. 90 ಅಥವಾ ಮೇಲಿನದು ತಗೊಳ್ಳಿ. ನಾನು ಮೊದಲು 80ರದ್ದು ತಂದಿದ್ದೆ. ಬೆಳಕು ಹಳದಿಯಾಯಿತು, ಆದರೆ ಕೆಂಪು ಮರದ ಮೇಜು ಮಾತ್ರ ಮಂಕಾಗಿ ಕಂಡಿತು. 90ರದ್ದು ಹಾಕಿದ ಮೇಲೆ ಮರಕ್ಕೆ ಜೀವ ಬಂತು.

ಇನ್ನೊಂದು ಎಡವಟ್ಟು: ಒಂದೇ ಕೋಣೆಯಲ್ಲಿ ಎರಡು ತರಹದ ಬಲ್ಬು. ಅರ್ಧ ಮುಖ ನೀಲಿ, ಅರ್ಧ ಹಳದಿ. ಬದಲಿಸಿದರೆ ಕೋಣೆಯ ಎಲ್ಲವನ್ನೂ ಬದಲಿಸಿ. ಮತ್ತೆ ಸಂಜೆ ಚಾವಣಿಯ ದೀಪ ಆರಿಸಿ. ಕೂತವರ ಕಣ್ಣಿನ ಮಟ್ಟದಲ್ಲಿ ಬಟ್ಟೆಯ ಶೇಡ್ ಇರುವ ಎರಡು ಮೂರು ಲ್ಯಾಂಪ್ ಸಾಕು. ಮೂಲೆಗಳು ಸ್ವಲ್ಪ ಕತ್ತಲಾಗಿರಲಿ ಬಿಡಿ. ಡಿಮ್ಮರ್ ಹಾಕಿಸುವುದಾದರೆ ಬಲ್ಬು ಡಿಮ್ ಆಗುವ ತರಹದ್ದೇ ಅಂತ ಡಬ್ಬದಲ್ಲಿ ಓದಿಕೊಳ್ಳಿ. ಇಲ್ಲದಿದ್ದರೆ ಮಿಣಮಿಣ ಅನ್ನುತ್ತದೆ.

ಬಣ್ಣದಲ್ಲಿ ಸೋತವಳು

ಮೇಲಿನವರು ಹೇಳಿದ್ದು ನೂರಕ್ಕೆ ನೂರು. ಬಲ್ಬು ಬದಲಿಸದೆ ಗೋಡೆಗೆ ಬಣ್ಣ ಆರಿಸಬೇಡಿ. ನಾನು ಆರಿಸಿದೆ. ಅಂಗಡಿಯ ಚೀಟಿಯಲ್ಲಿ ಕೆನೆ ಬಣ್ಣ, ಮನೆಯ ಗೋಡೆಯಲ್ಲಿ ಹಸಿರು ಮಿಶ್ರಿತ ಹಳದಿ. ಈಗ ಹೀಗೆ ಮಾಡುತ್ತೇನೆ: ದೊಡ್ಡ ರಟ್ಟಿಗೆ ಎರಡು ಕೋಟ್ ಹೊಡೆದು, ಪೂರ್ತಿ ಒಣಗಿಸಿ, ಬೇರೆ ಬೇರೆ ಗೋಡೆಗೆ ಒರಗಿಸಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ನೋಡುವುದು. ಹಸಿ ಇದ್ದಾಗ ತಿಳಿಯಾಗಿ ಕಂಡ ಎಮಲ್ಷನ್ ಸಾಮಾನ್ಯವಾಗಿ ಒಣಗಿದ ಮೇಲೆ ಗಾಢವಾಗುತ್ತದೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದರೆ ಬಣ್ಣದ ಒಳಗೆ ಗುಲಾಬಿ ಅಡಗಿದೆಯೋ ಹಸಿರೋ ತಕ್ಷಣ ಗೊತ್ತಾಗುತ್ತದೆ. ಹೊಳಪು ಬೇಡ, ಮ್ಯಾಟ್ ಇರಲಿ. ಬೂದು ನೆಲಕ್ಕೆ ಕಾರ್ಪೆಟ್ ಹಾಸಿ. ಅದು ಸಣ್ಣದಾದರೆ ಕಾಲೊರೆಸುವ ಬಟ್ಟೆಯ ಹಾಗೆ ಕಾಣುತ್ತದೆ. ಸೋಫಾ, ಕುರ್ಚಿ ಎಲ್ಲದರ ಮುಂದಿನ ಕಾಲಾದರೂ ಅದರ ಮೇಲೆ ಬರಬೇಕು.

ಬಡಗಿಯ ಮಗಳು

ಹೊಸದು ಯಾಕೆ ತರುತ್ತೀರಿ ಅಕ್ಕ? ಯಾರೋ ಮಾರುವ ಹಳೆಯ ಡ್ರಾಯರ್ ಮೇಜು ಸಿಕ್ಕಿದರೆ ಅದನ್ನು ತನ್ನಿ. ತರುವ ಮುಂಚೆ ಡ್ರಾಯರ್ ಪೂರ್ತಿ ಹೊರಗೆ ಎಳೆದು ಮೂಲೆ ನೋಡಿ. ಎರಡು ಹಲಗೆ ಬೆರಳಿಗೆ ಬೆರಳು ಹೆಣೆದ ಹಾಗೆ ಕೂಡಿದ್ದರೆ, ಬೆರಳಿನ ತುದಿ ಪಾರಿವಾಳದ ಬಾಲದ ಹಾಗೆ ಅಗಲವಾಗಿದ್ದರೆ ಅದು ಡವ್‌ಟೇಲ್. ಎಳೆದರೂ ಬಿಡುವುದಿಲ್ಲ. ಬರೀ ಮೊಳೆ, ಅಂಟು ಇದ್ದರೆ ಜಾಸ್ತಿ ದುಡ್ಡು ಕೊಡಬೇಡಿ. ಕೆಳಗೆ ಹಿಟ್ಟಿನ ಹಾಗೆ ಪುಡಿ ಉದುರಿದ್ದರೆ ಹುಳು ಇನ್ನೂ ಒಳಗೇ ಇರಬಹುದು, ಮುಟ್ಟಲೇಬೇಡಿ.

ಪಾಲಿಶ್ ಯಾವುದು ಅಂತ ತಿಳಿಯಲು, ಕಾಣದ ಮೂಲೆಗೆ ಒಂದು ಹನಿ ಸ್ಪಿರಿಟ್ ಹಚ್ಚಿ. ಅಂಟಂಟಾದರೆ ಅರಗಿನ ಪಾಲಿಶ್. ಅದರ ಮೇಲೆ ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ, ಕೆಳಗೆ ಏನಾದರೂ ಹಾಕಿಯೇ ಇಡಿ. ಹಳೆಯ ಮರವನ್ನು ಹೊಸದರ ಹಾಗೆ ಉಜ್ಜಿ ಬಿಳಿಚಿಸಬೇಡಿ. ಆ ಗೀರು, ಕೈ ಸವೆದ ಹೊಳಪು, ಅದಕ್ಕಾಗಿಯೇ ತಾನೇ ತರುವುದು? ಅಪ್ಪ ಉಜ್ಜುಕಾಗದ ಕೈಗೆ ತಗೊಳ್ಳುವ ಮುಂಚೆ ಬರೀ ಒದ್ದೆ ಬಟ್ಟೆಯಿಂದ ಒರೆಸಿ ಒಂದು ದಿನ ಬಿಡುತ್ತಿದ್ದರು. ಅರ್ಧಕ್ಕರ್ಧ ಸಾಮಾನಿಗೆ ಅಷ್ಟೇ ಸಾಕಾಗುತ್ತಿತ್ತು.

ಮರಗಳೆಲ್ಲ ಒಂದೇ ಬಣ್ಣ ಇರಬೇಕಾಗಿಲ್ಲ. ಕೆಂಪು ಛಾಯೆಯವು ಒಟ್ಟಿಗೆ ಇದ್ದರೆ ಸಾಕು.

ಒಂದು ಎಚ್ಚರಿಕೆ, ತಮಾಷೆ ಅಲ್ಲ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಮುದ್ದೆಯೊಳಗೆ ಕಾವು ಕೂಡಿ ತನ್ನಷ್ಟಕ್ಕೆ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಡಿ.

ಧೂಳು ಒರೆಸುವವನು

ಎಲ್ಲ ಸರಿ, ಒರೆಸುವವರು ಯಾರು? ಹಿತ್ತಾಳೆ, ಗೊಂಬೆ, ಫ್ರೇಮ್ ಅಂತ ತುಂಬಿಸಿ ನಾನು ಒಂದು ವರ್ಷ ಭಾನುವಾರ ಕಳೆದುಕೊಂಡೆ. ಈಗ ಅರ್ಧ ಪೆಟ್ಟಿಗೆಯಲ್ಲಿದೆ. ಬೇಸರ ಬಂದಾಗ ಅದಲು ಬದಲು ಮಾಡುತ್ತೇನೆ.

ಎರಡು ಮನೆ ಕೆಡಿಸಿ ಮೂರನೆಯದರಲ್ಲಿ ಕಲಿತವಳು

ಸೋಫಾದ ಬಗ್ಗೆ ಹೇಳುವುದು ಮರೆತಿದ್ದೆ. ಅದನ್ನು ಮಾರಬೇಡಿ. ಒಬ್ಬಂಟಿಯಾಗಿರುವುದಕ್ಕೆ ಹಾಗೆ ಕಾಣುತ್ತದೆ. ಹೊಳೆಯುವ ಬಟ್ಟೆ ಇದ್ದರೆ ಸರಳ ಹತ್ತಿ ಅಥವಾ ಲಿನನ್ ಹಾಕಿಸಿ. ಸುತ್ತ ಇರುವ ಮೇಜು, ಕುರ್ಚಿ ಸಾದಾ ಇರಲಿ. ಕೋಣೆಗೆ ಕೆತ್ತನೆ ಅದೊಂದೇ ಸಾಕು. ಪಕ್ಕದ ಕಿಟಕಿಯ ಪರದೆ ಚೌಕಟ್ಟಿಗೆ ಅಂಟಿಕೊಂಡಿದ್ದರೆ ಸರಳನ್ನು ಚಾವಣಿಯ ಹತ್ತಿರಕ್ಕೆ ಏರಿಸಿ, ಬಟ್ಟೆ ನೆಲ ಮುಟ್ಟಲಿ. ಬಟ್ಟೆಯ ಅಗಲ ಕಿಟಕಿಯ ಎರಡರಷ್ಟು ಬೇಕು, ಇಲ್ಲದಿದ್ದರೆ ನೆರಿಗೆಯೇ ಬರುವುದಿಲ್ಲ. ಚಿತ್ರ ತೂಗುಹಾಕುವಾಗ ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂ.ಮೀ. ಬರಲಿ. ನಮ್ಮಲ್ಲಿ ಎಲ್ಲರೂ ಗಡಿಯಾರದ ಎತ್ತರಕ್ಕೆ ಏರಿಸಿಬಿಡುತ್ತೇವೆ!

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನದ ವರದಿ ಒಪ್ಪಿಸುತ್ತಿದ್ದೇನೆ. ಫೋಟೋ ಹನ್ನೊಂದಕ್ಕೆ ಇಳಿಯಿತು. ಹನ್ನೊಂದರಲ್ಲೂ ಲ್ಯಾಂಪ್ ಇದೆ, ಕೆತ್ತನೆ ಒಂದರಲ್ಲೂ ಇಲ್ಲ. ನೀವು ಹೇಳಿದ್ದಕ್ಕಿಂತ ನನ್ನದು ಇನ್ನೂ ಕಡೆ! ಹಾಲಿನ ಬಲ್ಬೆಲ್ಲ 2700 ಆಯಿತು. ಬೂದು ಟೈಲ್ಸ್ ಕೂಡ ಅಷ್ಟೊಂದು ಬೂದಾಗಿ ಕಾಣುತ್ತಿಲ್ಲ. ಬಣ್ಣದ ರಟ್ಟು ಮೂರು ಗೋಡೆ ಸುತ್ತುತ್ತಿದೆ. ಒಂದರಲ್ಲಿ ಗುಲಾಬಿ ಸಿಕ್ಕಿಬಿತ್ತು, ಅದನ್ನು ಬಿಟ್ಟೆ.

ಪರಿಚಯದವರ ಮನೆಯಲ್ಲಿ ಒಂದು ಡ್ರಾಯರ್ ಮೇಜು ಸಿಕ್ಕಿತು. ಮೂಲೆ ನೋಡಿದೆ, ಬೆರಳು ಹೆಣೆದ ಹಾಗೇ ಇದೆ. ಒಂದು ಡ್ರಾಯರ್ ಮಾತ್ರ ತುಂಬಾ ಬಿಗಿ, ಎಳೆದರೆ ಮೇಜೇ ಬರುತ್ತದೆ. ಏನು ಮಾಡಲಿ?

ಬಡಗಿಯ ಮಗಳು

ಒಣ ಮೇಣದಬತ್ತಿಯನ್ನು ಡ್ರಾಯರ್ ಜಾರುವ ಅಂಚಿಗೆ ಉಜ್ಜಿ. ಮಳೆಗಾಲದಲ್ಲಿ ಮರ ಊದಿಕೊಂಡಿರುತ್ತದೆ, ಈಗಲೇ ಕೆತ್ತಿ ತೆಳುಮಾಡಬೇಡಿ. ಹವೆ ಒಣಗಿದ ಮೇಲೆ ತಾನೇ ಸಡಿಲಾಗಬಹುದು.