ಕರ್ಪೂರದ ಗಂಟು ಮತ್ತು ನಮ್ಮ ಕುಟುಂಬದ ಗುಂಪು

ದೊಡ್ಡಮಾವ, ಉಡುಪಿ (ಫಾರ್ವರ್ಡ್): ಎತ್ತರದ ಪರ್ವತಗಳಿಗೆ ಹೋಗುವವರು ಕರ್ಪೂರ, ಲವಂಗ, ಓಮವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸುತ್ತಿದ್ದರೆ ರಕ್ತದಲ್ಲಿ ಆಮ್ಲಜನಕ ಹೆಚ್ಚುತ್ತದೆ, ಎತ್ತರದಲ್ಲಿ ಬರುವ ತಲೆನೋವು, ವಾಕರಿಕೆಗೆ ಮಾತ್ರೆಯ ಅಗತ್ಯವೇ ಇಲ್ಲ. ಎಲ್ಲರಿಗೂ ತಿಳಿಸಿ.

ದೊಡ್ಡಮಾವ: ಮುಂದಿನ ವಾರ ಲೇಹ್‌ಗೆ ಚಾರಣ ಹೊರಟಿರುವ ಪುಟ್ಟಿ ಇದನ್ನು ಗಮನವಿಟ್ಟು ಓದಲಿ.

ಮಣಿಪಾಲದ ಅಕ್ಕ: ಮಾವ, ಇದನ್ನು ಹೇಳಿದ ವೈದ್ಯರು ಯಾರು? ಕರ್ಪೂರದ ಘಾಟಿಗೆ ಮೂಗು ತೆರೆದಂತೆ ಅನಿಸುತ್ತದೆಯೇ ಹೊರತು ರಕ್ತದ ಆಮ್ಲಜನಕ ಏರುವುದಿಲ್ಲ. 3,500 ಮೀಟರ್ ಎತ್ತರದ ಲೇಹ್‌ನ ಗಾಳಿಯಲ್ಲೂ ಮಲ್ಪೆಯ ಗಾಳಿಯಂತೆ ಶೇಕಡಾ 21ರಷ್ಟು ಆಮ್ಲಜನಕವೇ ಇದೆ. ಕಡಿಮೆಯಾಗುವುದು ಗಾಳಿಯ ಒತ್ತಡ, ಹಾಗಾಗಿ ಒಂದೊಂದು ಉಸಿರಿಗೆ ದಕ್ಕುವುದು ಇಲ್ಲಿನ ಸುಮಾರು ಮೂರನೇ ಎರಡು ಭಾಗ ಮಾತ್ರ. 2021ರಲ್ಲಿ ಕೋವಿಡ್‌ಗೆಂದು ಇದೇ ಗಂಟನ್ನು ನೀವೇ ಈ ಗುಂಪಿಗೆ ಕಳುಹಿಸಿದ್ದಿರಿ.

ಕಾಪು ಚಿಕ್ಕಮ್ಮ: ಹಿರಿಯರು ಕಾಳಜಿಯಿಂದ ಹೇಳಿದ್ದಕ್ಕೆ ಆಧಾರ ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ದೇವರಿಗೆ ಬೆಳಗುವ ಕರ್ಪೂರದಿಂದ ಯಾರಿಗೆ ಕೆಡುಕಾಗಿದೆ?

ಮಣಿಪಾಲದ ಅಕ್ಕ: ಬಾಯಿಗೆ ಹೋದರೆ ಅದು ವಿಷವೇ, ಚಿಕ್ಕಮ್ಮ. ಅದಕ್ಕಿಂತ ದೊಡ್ಡ ಕೆಡುಕು, ಗಂಟನ್ನು ನಂಬಿ ವಿಮಾನದಿಂದಿಳಿದ ಮರುದಿನವೇ 5,359 ಮೀಟರ್ ಎತ್ತರದ ಖರ್ದುಂಗ್ ಲಾಗೆ ಹೊರಡುವುದು.

ಸುರತ್ಕಲ್ ಭಾವ: ಕಾಲೇಜಿನ ದಿನಗಳಲ್ಲಿ ಅವಲಕ್ಕಿ, ಬೆಲ್ಲ ಕಟ್ಟಿಕೊಂಡು ಸಂಸೆಯ ಕಡೆಯಿಂದ ಕುದುರೆಮುಖ ಹತ್ತಿದ್ದೆವು, ಜಿಗಣೆ ಕಚ್ಚಿದ್ದುಂಟು, ತಲೆನೋವು ಮಾತ್ರ ಯಾರಿಗೂ ಬರಲಿಲ್ಲ. ಅಂದು ದೊಡ್ಡಮಾವ ಒಯ್ದ ನನ್ನ ಟಾರ್ಚ್ ಇನ್ನೂ ಹಿಂದೆ ಬಂದಿಲ್ಲ.

ಮಣಿಪಾಲದ ಅಕ್ಕ: ಭಾವ, ಕುದುರೆಮುಖದ ತುದಿ 1,894 ಮೀಟರ್, ಎತ್ತರಕ್ಕೆ ಮೈ ಒಗ್ಗದೆ ಬರುವ ಈ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೇ 2,500 ಮೀಟರ್ ದಾಟಿದ ಮೇಲೆ, ಮತ್ತು ಕಾಲಿನ ಕಸುವು ಅದನ್ನು ತಡೆಯುವುದಿಲ್ಲ. ಪುಟ್ಟಿ ಲೇಹ್‌ನಲ್ಲಿ ಮೊದಲ ಎರಡು ದಿನ ಸುಮ್ಮನಿರಲಿ. ಆಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸದೆ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ತಂಗಲಿ. ವೈದ್ಯರು ಒಪ್ಪಿದರೆ ಈ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಮಾತ್ರೆ ಇದೆ: ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಏರುವ ಹಿಂದಿನ ದಿನದಿಂದಲೇ. ತಲೆನೋವಿನ ಜೊತೆ ವಾಕರಿಕೆ ಬಂದರೆ ಮೇಲೇರಬಾರದು. ನಡಿಗೆ ತಡವರಿಸಿದರೆ, ಕುಳಿತಲ್ಲೇ ಏದುಸಿರು ಬಂದರೆ, ನಡುರಾತ್ರಿಯಾದರೂ ಇಳಿಯಲೇಬೇಕು.

ದೊಡ್ಡಮಾವ: ಇಷ್ಟೆಲ್ಲ ಬಲ್ಲವಳಿಗೆ ಒಂದು ಮಾತು. 2021ರಲ್ಲಿ ಆ ಗಂಟನ್ನು ಕಳುಹಿಸಿದ್ದು ನಿನ್ನ ಅಪ್ಪ. ನಾನು ಕೆಳಗೆ ಕೈಮುಗಿದಿದ್ದೆ, ಅಷ್ಟೇ. ಬೇಕಾದರೆ ಹುಡುಕಿ ನೋಡು.

ಪುಟ್ಟಿ, ಮಂಗಳೂರು: ನಾನು ವೈದ್ಯರನ್ನು ಕಂಡು ಬಂದೆ, ಲೇಹ್‌ನಲ್ಲಿ ಮೂರು ರಾತ್ರಿ ಉಳಿಯುತ್ತೇವೆ. ಮಾತ್ರೆ ಬರೆಯುವ ಮೊದಲು ಸಲ್ಫಾ ಔಷಧಿ ಒಗ್ಗುತ್ತದೆಯೇ ಎಂದು ಅವರು ಕೇಳಿದರು. ಚಿಕ್ಕಂದಿನಲ್ಲಿ ಯಾವುದೋ ಮಾತ್ರೆಗೆ ನನ್ನ ಮೈಯೆಲ್ಲ ದದ್ದು ಎದ್ದಿತ್ತಂತೆ. ಅದರ ಹೆಸರು ಯಾರಿಗಾದರೂ ನೆನಪಿದೆಯೇ?

ಮಣಿಪಾಲದ ಅಕ್ಕ: ಹುಡುಕಿದೆ, ಮಾವ. ಕಳುಹಿಸಿದ್ದು ಅಪ್ಪನೇ.

ಕಾಪು ಚಿಕ್ಕಮ್ಮ: ನಾನು ಆಗಲೇ ಹೇಳಲಿಲ್ಲವೇ?

ಸುರತ್ಕಲ್ ಭಾವ: ಟಾರ್ಚಿನ ವಿಷಯವನ್ನೂ ಇಂದೇ ಇತ್ಯರ್ಥ ಮಾಡಿಬಿಡೋಣ.

ಪುಟ್ಟಿ: ಆ ಮಾತ್ರೆಯ ಹೆಸರು?